ಕರಗಿಸುವ ಮುನ್ನ ಅಂಚು ಓದಿ

ಹಳೆಯ ಪದಕ ಕೈಗೆ ಬಂದಾಗ ಹೆಚ್ಚಿನವರು ಮೊದಲು ಅದರ ಮುಖ ನೋಡುತ್ತಾರೆ. ರಾಜನೋ ರಾಣಿಯೋ ಎಂದು ಗುರುತಿಸಿ, ತಿರುಗಿಸಿ ಬೆನ್ನು ನೋಡಿ, ಅಂಗೈಯಲ್ಲಿ ತೂಗಿ ಬೆಳ್ಳಿಯೋ ಕಂಚೋ ಎಂದು ಅಂದಾಜು ಮಾಡುತ್ತಾರೆ. ಪದಕ ಸಂಗ್ರಹದಲ್ಲಿ ಪಳಗಿದವರು ಮಾತ್ರ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿ ಅಂಚನ್ನು ಓದುತ್ತಾರೆ. ಎರಡು ಮೂರು ಮಿಲಿಮೀಟರ್ ದಪ್ಪದ ಆ ಅಂಚಿನ ಮೇಲೆ ಹೆಚ್ಚಾಗಿ ಒಬ್ಬ ಮನುಷ್ಯನ ಹೆಸರು, ಅವನ ನಂಬರು, ಅವನ ಪಡೆಯ ಹೆಸರು ಕೊರೆದಿರುತ್ತದೆ. ರಾಜನ ಮುಖ ಲಕ್ಷಾಂತರ ಪದಕಗಳ ಮೇಲೆ ಒಂದೇ. ಅಂಚಿನ ಹೆಸರು ಮಾತ್ರ ಒಬ್ಬನದೇ.

ಬಂಗಾರಪೇಟೆ, ಕೆಜಿಎಫ್ ಕಡೆಯ ಹಳೆಯ ಮನೆಗಳಲ್ಲಿ ಇಂಥ ಬಿಲ್ಲೆಗಳು ಇನ್ನೂ ಇವೆ. ಮುತ್ತಾತ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದಾಗ ಸಿಕ್ಕಿದ್ದು, ಆಂಬುಲೆನ್ಸ್ ತರಬೇತಿ ಮುಗಿಸಿದವರಿಗೆ ಕೊಟ್ಟದ್ದು, ಫುಟ್‌ಬಾಲ್ ಪಂದ್ಯದಲ್ಲಿ ಗೆದ್ದದ್ದು, ಶಾಲೆಯ ಬಹುಮಾನ. ಟ್ರಂಕಿನ ತಳದಲ್ಲಿ, ಪೂಜೆಯ ಗೂಡಿನಲ್ಲಿ, ಹಳೆ ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದಿರುತ್ತವೆ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಮನೆಗಳಿಂದ ಏನೇನೋ ಗಿರವಿ ಅಂಗಡಿಗೆ ಹೋಯಿತು. ಮಗ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟ, ಮಗಳ ಮದುವೆ ಬಂತು, ಆಸ್ಪತ್ರೆಯ ಖರ್ಚು ಬಂತು. ಬಳೆಯ ಜೊತೆಗೆ, ಕಾಲುಂಗುರದ ಜೊತೆಗೆ ಬೆಳ್ಳಿಯ ಪದಕವೂ ತಕ್ಕಡಿಗೆ ಏರಿತು. ಕಷ್ಟಕ್ಕೆ ಬಿದ್ದು ಮಾರಿದವರನ್ನು ನಾನು ಎಂದೂ ದೂರುವುದಿಲ್ಲ. ಆದರೆ ಬೆಳ್ಳಿಯ ತೂಕದಲ್ಲಿ ಹೋದದ್ದು ಬೆಳ್ಳಿ ಮಾತ್ರವೇ ಎಂದು ಒಮ್ಮೆ ಕೇಳಿಕೊಳ್ಳಬೇಕು ಅನಿಸುತ್ತದೆ.

ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 65 ಲಕ್ಷ ಬೆಳ್ಳಿಯ ಪದಕಗಳು ತಯಾರಾದವು. ಅದೇ ಅಚ್ಚಿನಲ್ಲಿ ಸುಮಾರು 1,10,000 ಕಂಚಿನವೂ ಆದವು. ಕಂಚಿನದು ಯಾರಿಗೆ? ಕೂಲಿ ಪಡೆಗಳಿಗೆ, ಸೇನೆಯ ಹಿಂದೆ ನಡೆದ ಭಾರತೀಯ ನೌಕರರಿಗೆ. ನೀರು ಹೊತ್ತವನು, ಕುದುರೆ ನೋಡಿಕೊಂಡವನು, ಅಡುಗೆಯವನು. ಅವರ ಕಂಚಿನ ಪದಕದ ಅಂಚಿನಲ್ಲೂ ಹೆಸರು ಕೊರೆದಿದ್ದಾರೆ. ಲೋಹದಲ್ಲಿ ಕೆಳಗಿಟ್ಟರೂ ಹೆಸರು ಬಿಟ್ಟಿಲ್ಲ. ಆಮೇಲೆ 1980ರ ಆಸುಪಾಸಿನಲ್ಲಿ ಬೆಳ್ಳಿಯ ಬೆಲೆ ಆಕಾಶಕ್ಕೆ ಏರಿದಾಗ ಆ ಬೆಳ್ಳಿ ಪದಕಗಳನ್ನು ಜಗತ್ತಿನಾದ್ಯಂತ ರಾಶಿ ರಾಶಿಯಾಗಿ ಕರಗಿಸಿದರು. ಕಂಚಿಗೆ ಬೆಲೆ ಇಲ್ಲದ್ದರಿಂದ ಅದು ಕುಲುಮೆಯಿಂದ ತಪ್ಪಿಸಿಕೊಂಡಿತು. ಹವಾಲ್ದಾರನ ಹೆಸರು ಹೋಗಿ ನೀರು ಹೊರುವವನ ಹೆಸರು ಉಳಿದ ಮನೆಗಳಿರುತ್ತವೆ.

ಈ ಅಂಚಿನ ಓದು ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಲು ಅಮೆರಿಕದ ಪದಕ ಸಂಗ್ರಹಕಾರರ ಕಡೆ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಪದಕ ಒಂದು ಕಲೆಯಾಗಿಯೇ ಬೆಳೆಯಿತು. ಪ್ಯಾರಿಸಿನಲ್ಲಿ ಕಲಿತು ಬಂದ ಶಿಲ್ಪಿಗಳು ಅಂಗೈಯಗಲದ ಕಂಚನ್ನು ದೊಡ್ಡ ಶಿಲ್ಪದಷ್ಟೇ ಗಂಭೀರವಾಗಿ ತೆಗೆದುಕೊಂಡರು. ಫ್ರೆಂಚರ ಜಾನ್ವಿಯೇ ಯಂತ್ರ ನ್ಯೂಯಾರ್ಕಿಗೆ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಶಿಲ್ಪಿ ಜೇಡಿಮಣ್ಣಿನಲ್ಲಿ ತಟ್ಟೆಯಷ್ಟು ದೊಡ್ಡದಾಗಿ ರೂಪ ಮಾಡುತ್ತಾನೆ. ಅದರ ಗಟ್ಟಿ ಎರಕದ ಮೇಲೆ ಯಂತ್ರದ ಒಂದು ಮೊನೆ ನಿಧಾನವಾಗಿ ಸುತ್ತುತ್ತಾ ಉಬ್ಬುತಗ್ಗು ಸವರುತ್ತದೆ. ಇನ್ನೊಂದು ತುದಿಯ ಮೊನೆ ಅದೇ ಉಬ್ಬುತಗ್ಗನ್ನು ಚಿಕ್ಕದಾಗಿಸಿ ಉಕ್ಕಿನಲ್ಲಿ ಕೊರೆಯುತ್ತದೆ. ಶಿಲ್ಪಿಯ ಹೆಬ್ಬೆರಳ ಒತ್ತು ಕೂಡ ಅಚ್ಚಿನಲ್ಲಿ ಉಳಿಯುತ್ತದೆ.

ಲಿಥುವೇನಿಯಾದಲ್ಲಿ ಹುಟ್ಟಿ, ತಂದೆಯಿಂದ ಲೋಹ ಕೊರೆಯುವುದನ್ನು ಕಲಿತು, 1890ರಲ್ಲಿ ನ್ಯೂಯಾರ್ಕಿಗೆ ಬಂದ ವಿಕ್ಟರ್ ಡೇವಿಡ್ ಬ್ರೆನರ್ 1909ರಲ್ಲಿ ಲಿಂಕನ್ ಮುಖದ ಒಂದು ಸೆಂಟ್ ನಾಣ್ಯ ಕೊಟ್ಟ. ಅದೇ ವರ್ಷ ‘ಸರ್ಕಲ್ ಆಫ್ ಫ್ರೆಂಡ್ಸ್ ಆಫ್ ದಿ ಮೆಡಾಲಿಯನ್’ ಎಂಬ ಬಳಗ ಚಂದಾದಾರರಿಗೆ ಪದಕ ಕಳಿಸತೊಡಗಿತು. ಮೊದಲನೆಯದು ಜಾನ್ ಫ್ಲಾನಗನ್ ಮಾಡಿದ ಹಡ್ಸನ್-ಫುಲ್ಟನ್ ಪದಕ. 1915ರವರೆಗೆ ಹನ್ನೆರಡು ಬಂದವು. ಅವರು ಪದಕವನ್ನು ಬರಿದೇ ಕಳಿಸಲಿಲ್ಲ, ಪುಸ್ತಕದಂಥ ರಟ್ಟಿನಲ್ಲಿ ಹುದುಗಿಸಿ, ಅದರ ಕಥೆಯನ್ನೂ ಕಲಾವಿದನ ವಿವರವನ್ನೂ ಅಚ್ಚು ಹಾಕಿಸಿ ಕಳಿಸಿದರು. ನನಗೆ ಈ ಉಪಾಯ ತುಂಬ ಇಷ್ಟ. ಲೋಹ ಮತ್ತು ಅದರ ಕಾಗದ ಬೇರೆಯಾಗಬಾರದು ಎಂದು ಅವರಿಗೆ ಮೊದಲೇ ಗೊತ್ತಿತ್ತು. 1910ರಲ್ಲಿ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಸಮಕಾಲೀನ ಪದಕಗಳ ಅಂತರರಾಷ್ಟ್ರೀಯ ಪ್ರದರ್ಶನ ನಡೆಸಿತು. 1930ರಲ್ಲಿ ಸೊಸೈಟಿ ಆಫ್ ಮೆಡಲಿಸ್ಟ್ಸ್ ಶುರುವಾದಾಗ ಅದರ ಮೊದಲ ಪದಕ ಮಾಡಿದವಳು ಲಾರಾ ಗಾರ್ಡಿನ್ ಫ್ರೇಸರ್. ಇವನ್ನೆಲ್ಲ ಒತ್ತಿದ ಕಂಪನಿಗಳಲ್ಲಿ ದೊಡ್ಡದು ಮೆಡಾಲಿಕ್ ಆರ್ಟ್ ಕಂಪನಿ. ಅದನ್ನು ಕೊಂಡಿದ್ದ ಸಂಸ್ಥೆ 2016ರಲ್ಲಿ ದಿವಾಳಿಯಾದಾಗ ಅಚ್ಚುಗಳು, ಮಾದರಿಗಳು, ಕಡತಗಳು ಗುಜರಿ ಸೇರುವ ಸ್ಥಿತಿ ಬಂದಿತ್ತು. 2018ರಲ್ಲಿ ಅದೇ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಅವನ್ನು ಕೊಂಡು ಉಳಿಸಿಕೊಂಡಿತು.

ಆದರೆ ಆ ಕಾಲದ ಅಮೆರಿಕದ ಪದಕಗಳಲ್ಲಿ ಕೆಜಿಎಫ್‌ನವರು ಗಮನವಿಟ್ಟು ನೋಡಬೇಕಾದದ್ದು ಈ ಸುಂದರ ಪದಕಗಳಲ್ಲ. ಅದು ಪನಾಮಾ ಕಾಲುವೆಯ ರೂಸ್‌ವೆಲ್ಟ್ ಪದಕ. 1906ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕಾಲುವೆಯ ಕೆಲಸ ನೋಡಲು ಹೋಗಿದ್ದ. ಅಲ್ಲಿ ದುಡಿಯುವವರಿಗೂ ಸೈನಿಕರಿಗೆ ಕೊಡುವಂಥ ಗುರುತು ಬೇಕು ಎಂಬುದು ಅವನ ಆಸೆಯಾಗಿತ್ತು. ಫ್ರಾಂಕ್ ಮಿಲೆಟ್ ವಿನ್ಯಾಸ ಮಾಡಿದ. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ಮುಳುಗಿ ಸತ್ತ ಚಿತ್ರಕಾರ ಅವನೇ. ಪದಕದ ಲೋಹಕ್ಕೆ, ಹಿಂದೆ ಕಾಲುವೆ ತೋಡಲು ಹೋಗಿ ಸೋತ ಫ್ರೆಂಚರು ಕಾಡಿನಲ್ಲಿ ಬಿಟ್ಟುಹೋಗಿದ್ದ ಯಂತ್ರಗಳ ತಾಮ್ರ ಕಂಚನ್ನೇ ಕರಗಿಸಿದರು. ಎರಡು ವರ್ಷ ಸತತ ದುಡಿದವನಿಗೆ ಪದಕ, ಅಲ್ಲಿಂದ ಮುಂದಿನ ಪ್ರತಿ ಎರಡು ವರ್ಷಕ್ಕೆ ಮೇಲೊಂದು ಪಟ್ಟಿ. ಪ್ರತಿಯೊಂದಕ್ಕೂ ನಂಬರು, ಪಡೆದವನ ಹೆಸರು. ಇಂದು ಅಂಥ ಒಂದು ಪದಕ ಸಿಕ್ಕರೆ ಸಂಶೋಧಕರು ನಂಬರು ಹಿಡಿದು ಆ ಮನುಷ್ಯ ಯಾರು, ಎಲ್ಲಿ ದುಡಿದ, ಯಾವ ಊರಿನವನು ಎಂದು ಹುಡುಕಿ ತೆಗೆಯುತ್ತಾರೆ.

ಒಂದು ಶರತ್ತಿತ್ತು. ಪದಕ ಅಮೆರಿಕದ ಪ್ರಜೆಗಳಿಗೆ ಮಾತ್ರ. ಕಾಲುವೆಯಲ್ಲಿ ಮಣ್ಣು ತೋಡಿದವರಲ್ಲಿ, ಸಿಡಿಮದ್ದು ಹೊತ್ತವರಲ್ಲಿ ಹೆಚ್ಚಿನವರು ಬಾರ್ಬಡೋಸ್, ಜಮೈಕಾ ದ್ವೀಪಗಳ ಕಪ್ಪು ಜನ. ಅವರ ಹೆಸರು ‘ಬೆಳ್ಳಿ ಪಟ್ಟಿ’ಯಲ್ಲಿ, ಬಿಳಿಯ ಅಮೆರಿಕನ್ನರ ಹೆಸರು ‘ಚಿನ್ನದ ಪಟ್ಟಿ’ಯಲ್ಲಿ. ಮೊದಮೊದಲು ಸಂಬಳ ಕೊಡುತ್ತಿದ್ದ ನಾಣ್ಯದಿಂದ ಬಂದ ಹೆಸರುಗಳು ಅವು. ಅಂಗಡಿಯ ಸಾಲು ಬೇರೆ, ಅಂಚೆ ಕಚೇರಿಯ ಕಿಂಡಿ ಬೇರೆ, ಮನೆ ಬೇರೆ. ಅಮೆರಿಕನ್ನರು ಕೆಲಸ ಹಿಡಿದ ಮೇಲೆ ಲೆಕ್ಕಕ್ಕೆ ಸಿಕ್ಕ ಸಾವು 5,609. ಅದರಲ್ಲಿ ಬಹುಪಾಲು ಬೆಳ್ಳಿ ಪಟ್ಟಿಯವರದು. ಆ ದ್ವೀಪಗಳಿಂದ ಬಂದವರಿಗೆ ರೂಸ್‌ವೆಲ್ಟ್ ಪದಕವಿರಲಿಲ್ಲ.

ಇದನ್ನು ಓದಿದಾಗ ಕೆಜಿಎಫ್‌ನವರಿಗೆ ತಮ್ಮೂರು ನೆನಪಾಗದೇ ಇರದು. ಪನಾಮಾದಲ್ಲಿ ಕೆಲಸ ನಡೆದ ಅದೇ ವರ್ಷಗಳಲ್ಲಿ ಇಲ್ಲಿ ಶಾಫ್ಟುಗಳು ಆಳಕ್ಕೆ ಇಳಿಯುತ್ತಿದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದಾಗ ಜನರೇಟರುಗಳು ಬಂದದ್ದೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿಗಳಲ್ಲಿ ಐರೋಪ್ಯರಿಗೆ ಬಂಗಲೆ, ಕ್ಲಬ್ಬು. ಕೆಳಗಿಳಿಯುವವರಿಗೆ ಸಾಲು ಗುಡಿಸಲಿನ ಲೈನು. ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ನೌಕರರ ಸ್ವಯಂಸೇವಾ ರೈಫಲ್ ಪಡೆಯೊಂದು ಇಲ್ಲಿತ್ತು. ಅಂಥ ಪಡೆಗಳಲ್ಲಿ ಇಪ್ಪತ್ತು ವರ್ಷ ಸೇವೆ ಮಾಡಿದವರಿಗೆ ಬೆಳ್ಳಿಯ ದೀರ್ಘಸೇವಾ ಪದಕ ಸಿಗುತ್ತಿತ್ತು. ಅದರ ಅಂಚಿನಲ್ಲಿ ಹೆಸರು, ಪಡೆ. ಗಣಿಯ ತಳದಲ್ಲಿ ಇಪ್ಪತ್ತು ವರ್ಷ ಬಂಡೆ ಕೊರೆದ ತಮಿಳು, ತೆಲುಗು ಕಾರ್ಮಿಕನಿಗೆ ಅಂಥ ದೀರ್ಘಸೇವಾ ಪದಕ ಇರಲಿಲ್ಲ. ಅವನನ್ನು ಗುರುತಿಸಿದ್ದು ನಂಬರು. 1930ರಲ್ಲಿ ಪ್ರತಿಯೊಬ್ಬನ ಬೆರಳಚ್ಚು ತೆಗೆದು ದಾಖಲಿಸಲು ಕಂಪನಿಗಳು ಹೊರಟಾಗ ಕಾರ್ಮಿಕರು ಸುಮಾರು ಮೂರು ವಾರ ಮುಷ್ಕರ ಹೂಡಿದರು. ಅಪರಾಧಿಗಳಂತೆ ಬೆರಳು ಒತ್ತಿಸಿಕೊಳ್ಳಲು ಒಪ್ಪದ ಆ ಜನರ ಸ್ವಾಭಿಮಾನ ದೊಡ್ಡದು.

ಹಾಗಾಗಿ ಇಲ್ಲಿ ಪದಕ ಓದುವುದೆಂದರೆ ಎರಡು ಕೆಲಸ. ಅಂಚಿನಲ್ಲಿರುವ ಹೆಸರನ್ನು ಓದುವುದು, ಅಂಚಿಗೆ ಬರದೇ ಹೋದವರನ್ನು ಬೇರೆ ಕಡೆ ಹುಡುಕುವುದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಪದಕ ನೋಡಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಥ್ಯೂ ಬೌಲ್ಟನ್ನನ ಟಂಕಸಾಲೆಗಾಗಿ ಕುಕ್ಲರ್ ಎಂಬ ಕಲಾವಿದ ಅಚ್ಚು ಕೊರೆದ. ಹುಲಿಯನ್ನು ಕೆಡಹುತ್ತಿರುವ ಸಿಂಹದ ಚಿತ್ರ. ಕೆಲಸ ಅದ್ಭುತವಾಗಿದೆ, ನಮ್ಮ ನಾಡಿನವರಿಗೆ ನೋಡಲು ನೋವಾಗುತ್ತದೆ. ಸೇನಾಪತಿಗಳಿಗೆ ಚಿನ್ನದ್ದು, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸಿಪಾಯಿಗೆ ತವರದ್ದು. ಅದರಲ್ಲಿ ಯಾರ ಹೆಸರನ್ನೂ ಕೊರೆದಿರಲಿಲ್ಲ. ಮೇ 4, 1799ರಂದು ಕೋಟೆ ಹತ್ತಿದ ಸಿಪಾಯಿ ಯಾರು ಎಂದು ಅವನ ಪದಕದಿಂದ ತಿಳಿಯುವ ದಾರಿಯೇ ಇಲ್ಲ. ಇದನ್ನು ನೋಡಿದ ಮೇಲೆ ನೀರು ಹೊರುವ ಒಬ್ಬ ಭಿಸ್ತಿಯ ಹೆಸರು ಹೊತ್ತ ಕಂಚಿನ ಬಿಲ್ಲೆಯ ಬೆಲೆ ಗೊತ್ತಾಗುತ್ತದೆ.

ಗಣಿಗಾರರ ಧೈರ್ಯಕ್ಕೆಂದೇ ಹುಟ್ಟಿದ ಪದಕವೂ ಒಂದಿದೆ. 1907ರಲ್ಲಿ ಏಳನೆಯ ಎಡ್ವರ್ಡ್ ಹೆಸರಿನಲ್ಲಿ ಶುರುವಾದ ಎಡ್ವರ್ಡ್ ಮೆಡಲ್. ಗಣಿಯಲ್ಲಿ ತನ್ನ ಪ್ರಾಣ ಪಣಕ್ಕಿಟ್ಟು ಜೊತೆಯವನನ್ನು ಉಳಿಸಿದವನಿಗೆ ಕೊಡುವಂಥದ್ದು. ರೆನಾಲ್ಡ್ಸ್-ಸ್ಟೀಫನ್ಸ್ ಎಂಬ ಶಿಲ್ಪಿ ಮಾಡಿದ ಅದರ ಬೆನ್ನಿನ ಚಿತ್ರದಲ್ಲಿ ಗಣಿಗಾರನೊಬ್ಬ ಬಿದ್ದ ಜೊತೆಗಾರನನ್ನು ಕಾಪಾಡುತ್ತಿದ್ದಾನೆ. ಗಣಿ ವಿಭಾಗದಲ್ಲಿ ಇಡೀ ಸಾಮ್ರಾಜ್ಯದಲ್ಲಿ ನಾನೂರಕ್ಕಿಂತ ಕಡಿಮೆ ಜನರಿಗೆ ಸಂದ ಪದಕ ಇದು. 1971ರಲ್ಲಿ, ಆಗ ಬದುಕಿದ್ದವರಿಗೆ ಇದರ ಬದಲು ಜಾರ್ಜ್ ಕ್ರಾಸ್ ಪಡೆಯುವ ಅವಕಾಶ ಕೊಟ್ಟರು. ಬಂಡೆಸಿಡಿತದ ಸದ್ದು ಕೇಳಿಯೇ ಬೆಳೆದ ಊರಿನಲ್ಲಿ ಈ ಚಿತ್ರವನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಇಂಥ ಪದಕದ ಅಂಚಿನ ಹೆಸರನ್ನು ಲಂಡನ್ ಗೆಜೆಟ್ಟಿನ ಹಳೆಯ ಸಂಚಿಕೆಗಳಲ್ಲಿ ಹುಡುಕಬಹುದು. ಅವು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಮನೆಯಲ್ಲಿ ಪದಕ ಇಟ್ಟುಕೊಂಡವರಿಗೆ ಒಂದು ಮಾತು. ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗುವಾಗ ಹುಣಸೆಹಣ್ಣಿನ ಜೊತೆ ಪದಕವನ್ನೂ ತಿಕ್ಕಬೇಡಿ. ಕಂಚಿನ ಮೇಲೆ ಕಾಣುವ ಕಂದು ಬಣ್ಣ ಕೊಳೆಯಲ್ಲ. ಕಲಾ ಪದಕಗಳಲ್ಲಿ ಅದು ಶಿಲ್ಪಿಯೇ ಬೇಕೆಂದು ಕೊಟ್ಟ ಬಣ್ಣ. ಉಳಿದವುಗಳಲ್ಲಿ ನೂರು ವರ್ಷದ ಗಾಳಿ, ಕೈ ಕೊಟ್ಟದ್ದು. ಹುಳಿ ತಾಗಿದರೆ ಒಂದು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ವಿಭೂತಿ ಹಾಕಿ ತಿಕ್ಕಿ ತಿಕ್ಕಿ ಅಂಚಿನ ಅಕ್ಷರವೇ ನುಣ್ಣಗಾದ ಬೆಳ್ಳಿ ಪದಕವನ್ನು ಕೈಯಲ್ಲಿ ಹಿಡಿದು ಬೇಜಾರು ಪಟ್ಟಿದ್ದೇನೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ‘ಎಸ್’, ಅದರ ಪಕ್ಕ ಅರ್ಧ ಉಳಿದ ಒಂದು ಗೆರೆ, ಆಮೇಲೆ ಬರೀ ಹೊಳಪು. ಕೊಕ್ಕೆಯನ್ನು ಬೆಸುಗೆ ಹಾಕಿ ಮಗುವಿನ ಕೊರಳಿಗೆ ಕಟ್ಟಿದ್ದ ಗುರುತೂ ಇತ್ತು. ಆ ಗುರುತು ಇರಲಿ, ಅದೂ ಮನೆಯ ಚರಿತ್ರೆಯೇ. ಹೋಗಬಾರದ್ದು ಹೆಸರು.

ಮಾರಲೇಬೇಕಾದ ಕಷ್ಟ ಬಂದರೂ ಅದಕ್ಕೆ ಮುನ್ನ ಮಾಡಬಹುದಾದ ಕೆಲಸ ಸಣ್ಣದು. ಫೋನಿನಲ್ಲಿ ಮುಖ, ಬೆನ್ನು, ಅಂಚು ಮೂರನ್ನೂ ಫೋಟೋ ತೆಗೆಯಿರಿ. ಅಂಚಿಗೆ ಬೆಳಕು ಪಕ್ಕದಿಂದ ಬೀಳಲಿ, ಆಗ ಸವೆದ ಅಕ್ಷರವೂ ನೆರಳಾಗಿ ಕಾಣುತ್ತದೆ. ಮೇಣದ ಕಾಗದ ಸುತ್ತಿ ಪೆನ್ಸಿಲ್ ಉಜ್ಜಿದರೂ ಅಕ್ಷರ ಮೂಡುತ್ತದೆ. ಪಕ್ಕದಲ್ಲಿ ಒಂದು ಹಾಳೆಯಲ್ಲಿ ಬರೆಯಿರಿ: ಇವರು ನಮಗೆ ಏನಾಗಬೇಕು, ಯಾವ ಊರಿನಿಂದ ಬಂದರು, ಯಾವ ಗಣಿ, ಚಾಂಪಿಯನ್ ರೀಫೋ ಊರಿಗಾಮೋ ನಂದಿದುರ್ಗವೋ, ಯಾವ ಶಾಫ್ಟಿನಲ್ಲಿ ಏನು ಕೆಲಸ, ಯಾವ ಲೈನಿನಲ್ಲಿ ಮನೆ. ಅದೇ ಹಾಳೆಯ ಕೆಳಗೆ, ಪದಕ ಸಿಗದ ಅವರ ಜೊತೆಗಾರರಲ್ಲಿ ಮನೆಯ ಹಿರಿಯರಿಗೆ ನೆನಪಿರುವವರ ಹೆಸರುಗಳನ್ನೂ ಸೇರಿಸಿ. ಬಂಗಾರಪೇಟೆಯ, ಕೆಜಿಎಫ್‌ನ ಕಾಲೇಜುಗಳ ಇತಿಹಾಸದ ಮೇಷ್ಟರು ಈ ಒಂದು ಕೆಲಸವನ್ನು ಮಕ್ಕಳ ಕೈಗೆ ಕೊಟ್ಟರೆ, ಲೈನು ಲೈನು ತಿರುಗಿ ಬರೆದುಕೊಂಡು ಬರಲು ಒಂದು ಬೇಸಿಗೆ ಸಾಕು. ಹೆಸರು ಹೇಳಬಲ್ಲ ಅಜ್ಜಂದಿರು ಈಗ ಎಂಬತ್ತರ ಆಚೆಗಿದ್ದಾರೆ, ಈ ಬೇಸಿಗೆಯಲ್ಲೇ ಆದರೆ ಒಳ್ಳೆಯದು.