ಅರಿತವನ ಮೌನ

ವಸ್ತುವಿಗೆ ವಯಸ್ಸಾದಂತೆ ಅದರ ಬೆಲೆಯು ಇಳಿಯುವುದು ಲೋಕರೂಢಿ. ಎತ್ತು ಮುದಿಯಾದರೆ ಸಂತೆಯಲ್ಲಿ ಕೇಳುವವರಿಲ್ಲ; ಗಾಡಿಯ ಅಚ್ಚು ಸವೆದರೆ ಅದರ ಮರಕ್ಕೆ ಸೌದೆಯ ಬೆಲೆ. ಯಂತ್ರಗಳ ವಿಷಯದಲ್ಲಿಯೂ ಸಾಮಾನ್ಯವಾಗಿ ಈ ನಿಯಮವೇ ನಡೆಯುತ್ತದೆ. ಆದರೆ ಕೆಲವು ಯಂತ್ರಗಳು ಇಳಿಯುವಷ್ಟು ಇಳಿದು, ತಳವನ್ನು ಮುಟ್ಟಿ, ಅನಂತರ ಏರತೊಡಗುತ್ತವೆ. ಹೀಗೆ ಏರಿದ ಬೆಲೆಯು ಎಲ್ಲಿಂದ ಬಂದಿತು, ಅದು ಯಾರಿಗೆ ಸಲ್ಲತಕ್ಕದ್ದು, ಅದನ್ನು ಅರಿತವನು ಅರಿಯದವನಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ವ್ಯಾಪಾರದ ಮಾತುಗಳಂತೆ ತೋರಬಹುದು. ವಿಚಾರಮಾಡಿದರೆ ಅವು ಧರ್ಮಸೂಕ್ಷ್ಮದ ಪ್ರಶ್ನೆಗಳೇ ಆಗಿವೆ.

ಜರ್ಮನಿಯ ಪೋರ್ಷೆ ಕಂಪನಿಯ 911 ಎಂಬ ಕಾರು ಇದಕ್ಕೆ ಲೋಕಪ್ರಸಿದ್ಧವಾದ ದೃಷ್ಟಾಂತ. 1964ರಿಂದ 1998ರವರೆಗೆ ತಯಾರಾದ ಆ ಕಾರುಗಳ ಎಂಜಿನ್ನುಗಳು ಗಾಳಿಯಿಂದಲೇ ತಣಿಯುತ್ತಿದ್ದುವು. ಅಲ್ಲಿಂದೀಚಿನವು ನೀರಿನಿಂದ ತಣಿಯುವಂಥವು. ಹೊಸವು ಹೆಚ್ಚು ಬಲವುಳ್ಳವು, ಹೊಗೆ ಕಡಿಮೆ ಉಗುಳುವಂಥವು. ಆದರೂ ಹಳೆಯವುಗಳ ಬೆಲೆಯು ಪ್ರಿಯರ ನಡುವೆ ಏರುತ್ತ ಬಂದಿದೆ. 2018ರಲ್ಲಿ ಆ ಕಂಪನಿಯು ಗಾಳಿಯಿಂದ ತಣಿಯುವ ಹಳೆಯ ಮಾದರಿಯ ಕಾರೊಂದನ್ನು ಹೊಸದಾಗಿ ಕಟ್ಟಿ ಅಮೆರಿಕದ ಅಟ್ಲಾಂಟದಲ್ಲಿ ಹರಾಜಿಗಿಟ್ಟಿತು. ಅದು ಮೂವತ್ತೊಂದು ಲಕ್ಷ ಡಾಲರಿಗೆ ಹೋಯಿತು. ಆ ಹಣವು ದತ್ತಿಗೆ ಸಂದಿತೆಂಬುದು ನಿಜ. ಆದರೆ ಸಾರ್ವಜನಿಕ ರಸ್ತೆಯ ಮೇಲೆ ಓಡಿಸಲು ಆ ಕಾರಿಗೆ ಅನುಮತಿಯಿರಲಿಲ್ಲ. ಓಡುವುದಕ್ಕಾಗಿ ಹುಟ್ಟಿದ ಜಾತಿಯ ಯಂತ್ರವು ಓಡಲಾರದ ಸ್ಥಿತಿಯಲ್ಲಿ ಅತಿ ಹೆಚ್ಚಿನ ಬೆಲೆಯನ್ನು ಪಡೆಯಿತು.

ಅಷ್ಟು ದೂರ ಹೋಗಬೇಕಾದ ಅವಶ್ಯಕತೆಯೂ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ, ಚೆಕ್ ದೇಶದ ಜಾವಾ ಕಂಪನಿಯ ಪರವಾನಿಗೆಯಿಂದ, ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. ಮೊದಲು ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ಹೆಸರಾದ ಈ ವಾಹನಗಳು ಕನ್ನಡನಾಡಿನ ಊರೂರನ್ನೂ ಹೊಕ್ಕುವು. ಅವುಗಳ ಸಿಲಿಂಡರಿನ ಸುತ್ತ ತೆಳ್ಳನೆಯ ಲೋಹದ ಏಣುಗಳನ್ನು ಎಬ್ಬಿಸಿದ್ದರು. ವಾಹನವು ಮುಂದೆ ಓಡಿದಂತೆ ಎದುರುಗಾಳಿಯು ಆ ಏಣುಗಳ ಸಂದಿನಲ್ಲಿ ನುಸುಳಿ ಕಾವನ್ನು ಕೊಂಡೊಯ್ಯುತ್ತಿತ್ತು. ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಪೆಟ್ರೋಲಿನೊಳಗೇ ಎಣ್ಣೆಯನ್ನು ಬೆರೆಸಿ ಹಾಕುವ ಪದ್ಧತಿ. ಎರಡು ಹೊಗೆಕೊಳವೆಗಳಿಂದ ಹೊರಡುವ, ದೂರದಿಂದಲೇ ಗುರುತು ಸಿಕ್ಕುವ ಸದ್ದು. ಕಾರ್ಖಾನೆಯು 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಕಂಪನಿಯಿಂದ ಪುನಃ ಪೇಟೆಗೆ ಬಂದುವಾದರೂ ಅವುಗಳ ಎಂಜಿನ್ನುಗಳು ದ್ರವದಿಂದ ತಣಿಯುವಂಥವು. ಹೀಗಾಗಿ ಗಾಳಿಯಿಂದ ತಣಿಯುವ ಮೈಸೂರಿನ ಆ ವಾಹನಗಳ ಸಂಖ್ಯೆಯು ಇನ್ನು ಕಡಿಮೆಯಾಗಬಲ್ಲುದೇ ಹೊರತು ಹೆಚ್ಚಲಾರದು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಅವನ್ನು ತೊಳೆದು, ಮೆರುಗಿಟ್ಟು, ಸಾಲುಸಾಲಾಗಿ ಓಡಿಸುವ ಪ್ರಿಯರು ಬೆಂಗಳೂರು ಮೈಸೂರುಗಳಲ್ಲಿ ಸೇರುತ್ತಾರೆ. ಒಂದು ಕಾಲಕ್ಕೆ ಗುಜರಿಯವನು ತೂಕಕ್ಕೆ ಕೇಳುತ್ತಿದ್ದ ಬಂಡಿಯನ್ನು ಈಗ ಬಲ್ಲವರು ಹುಡುಕಿಕೊಂಡು ಬರುತ್ತಾರೆ.

ಇಲ್ಲಿ ಏರಿದುದು ಏನು? ಯಂತ್ರವಂತೂ ಉತ್ತಮವಾಗಲಿಲ್ಲ, ಅದರ ಕಬ್ಬಿಣಕ್ಕೆ ತುಕ್ಕು ಹಿಡಿದಿದೆ, ರಬ್ಬರು ಬಿರಿದಿದೆ. ಏರಿದುದು ಜನರ ಆಸೆ ಮಾತ್ರ. ಪಾದರಕ್ಷೆಗೆ ಎರಡು ಉಪಯೋಗಗಳುಂಟು, ಮೆಟ್ಟುವುದು ಒಂದು, ಕೊಟ್ಟು ಬೇರೊಂದನ್ನು ಕೊಳ್ಳುವುದು ಇನ್ನೊಂದು ಎಂದು ಗ್ರೀಸಿನ ಅರಿಸ್ಟಾಟಲನು ತನ್ನ ರಾಜನೀತಿಗ್ರಂಥದಲ್ಲಿ ಬಗೆದು ತೋರಿಸಿದನು. ಮೆಟ್ಟುವುದಕ್ಕಾಗಿಯೇ ಪಾದರಕ್ಷೆಯು ಹುಟ್ಟಿದುದೆಂದೂ ಅವನು ಹೇಳಿದನು. 1776ರಲ್ಲಿ ಆಡಂ ಸ್ಮಿತ್ತನು, ನೀರಿಗಿಂತ ಉಪಯುಕ್ತವಾದುದಿಲ್ಲವಾದರೂ ಅದಕ್ಕೆ ಬೆಲೆಯಿಲ್ಲ, ವಜ್ರದಿಂದ ಉಪಯೋಗವಿಲ್ಲವಾದರೂ ಅದಕ್ಕೆ ಬೆಲೆಯುಂಟು ಎಂಬ ವಿಚಿತ್ರವನ್ನು ಎತ್ತಿ ಆಡಿದನು. ಹಿರಿಯೂರಿನ ರೈತನಿಗೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಕೋಡಿಯ ಮೇಲೆ ಹರಿದುಹೋದ ನೀರಿಗೆ ಯಾರೂ ಬೆಲೆ ಕಟ್ಟಲಿಲ್ಲ. ಬರಗಾಲದಲ್ಲಿ ಅದೇ ನೀರಿನ ಒಂದು ಬಿಂದಿಗೆಗೆ ಹೆಂಗಸರು ಹರದಾರಿ ನಡೆದಿದ್ದರು. ನೀರಿನ ಗುಣವು ಎರಡು ಕಾಲದಲ್ಲಿಯೂ ಒಂದೇ. ಬೆಲೆಯೆಂಬುದು ವಸ್ತುವಿನೊಳಗೆ ಕುಳಿತ ಗುಣವಲ್ಲ, ವಸ್ತುವಿಗೂ ಅದನ್ನು ಬಯಸುವವರಿಗೂ ಇರುವ ಸಂಬಂಧವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಬೆಲೆಯು ಸಂಬಂಧವೆಂದು ಒಪ್ಪಿದ ಕೂಡಲೇ ಧರ್ಮದ ಪ್ರಶ್ನೆಯು ಎದುರಾಗುತ್ತದೆ. ಏಕೆಂದರೆ ಗುಣವು ವಸ್ತುವಿನಲ್ಲಿಯೇ ಇದ್ದಿದ್ದರೆ ಕಣ್ಣುಳ್ಳವರೆಲ್ಲ ಅದನ್ನು ಕಾಣಬಹುದಾಗಿತ್ತು. ಸಂಬಂಧವಾದರೋ ಅದನ್ನು ಬಲ್ಲವರಿಗೆ ಮಾತ್ರ ಕಾಣುತ್ತದೆ.

ಇಂಥದೊಂದು ಸನ್ನಿವೇಶವನ್ನು ಊಹಿಸಬಹುದು. ಹೊಸದುರ್ಗದ ಕಡೆಯ ಒಂದು ಹಳ್ಳಿ. ತೆಂಗಿನ ತೋಟದ ಮೂಲೆಯ ಕೊಟ್ಟಿಗೆಯಲ್ಲಿ, ಸೋಗೆಯ ರಾಶಿಯ ಮರೆಯಲ್ಲಿ, ಹಳೆಯ ಜಾವಾ ಒಂದು ಒರಗಿ ನಿಂತಿದೆ. ಮನೆಯ ಯಜಮಾನನ ತಂದೆಯು ಅದರ ಮೇಲೆ ಕಾಯಿಯ ಚೀಲವನ್ನು ಕಟ್ಟಿಕೊಂಡು ಸಂತೆಗೂ, ಅಡಿಕೆಯ ವ್ಯವಹಾರಕ್ಕಾಗಿ ಹೊಳಲ್ಕೆರೆಗೂ, ಕೋರ್ಟು ಕಚೇರಿಗೆಂದು ಚಿತ್ರದುರ್ಗಕ್ಕೂ ತಿರುಗಾಡಿದ್ದನು. ಆತನು ತೀರಿಕೊಂಡ ಮೇಲೆ ಬಂಡಿಯು ನಿಂತುಹೋಯಿತು. ಪಟ್ಟಣದಿಂದ ಬಂದ ಪ್ರಿಯನೊಬ್ಬನು ಅದನ್ನು ಕಂಡನು. ಅದರ ವರ್ಷವನ್ನೂ, ಮೂಲಭಾಗಗಳು ಉಳಿದಿರುವುದನ್ನೂ ಕಣ್ಣಿನಲ್ಲಿಯೇ ಅಳೆದನು. ಯಜಮಾನನು, "ಗುಜರಿಯವನು ಕೊಡೋದಕ್ಕಿಂತ ನೀವು ನಾಕು ಕಾಸು ಹೆಚ್ಚು ಕೊಟ್ಟರೆ ಸಾಕು ಸ್ವಾಮಿ, ಕೊಟ್ಟಿಗೆಯಲ್ಲಿ ಜಾಗ ಆದರೂ ಆಗುತ್ತೆ" ಎಂದನು. ಪ್ರಿಯನು ಸುಳ್ಳಾಡಬೇಕಾಗಿಲ್ಲ, ಸುಮ್ಮನೆ ಹಣವನ್ನು ಎಣಿಸಿಕೊಟ್ಟರೆ ಸಾಕು. ಆ ಮೌನವು ಧರ್ಮವೋ ಅಧರ್ಮವೋ?

ಈ ಪ್ರಶ್ನೆಯು ಹೊಸದಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ಸಿಸಿರೋ ತನ್ನ ಕರ್ತವ್ಯವಿಚಾರದ ಗ್ರಂಥದಲ್ಲಿ ಇದರ ಸೋದರಪ್ರಶ್ನೆಯನ್ನು ಚರ್ಚಿಸಿದ್ದಾನೆ. ಕ್ಷಾಮದಿಂದ ಬಳಲುತ್ತಿದ್ದ ರೋಡ್ಸ್ ದ್ವೀಪಕ್ಕೆ ವರ್ತಕನೊಬ್ಬನು ಅಲೆಕ್ಸಾಂಡ್ರಿಯದಿಂದ ಧಾನ್ಯವನ್ನು ತರುತ್ತಾನೆ. ಹಿಂದೆಯೇ ಬೇರೆ ಹಡಗುಗಳೂ ಧಾನ್ಯ ಹೊತ್ತು ಬರುತ್ತಿರುವುದನ್ನು ಅವನು ಬಲ್ಲನು. ಅದನ್ನು ಹೇಳಿದರೆ ಬೆಲೆಯು ಕುಸಿಯುತ್ತದೆ. ಹೇಳಬೇಕೇ? ಬ್ಯಾಬಿಲೋನಿಯದ ಡಯೋಜೆನೀಸನ ಪಕ್ಷವು, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ, ತಿಳಿದುದನ್ನೆಲ್ಲ ಹೇಳುವ ಹೊಣೆ ಮಾರುವವನಿಗಿಲ್ಲ ಎಂದು. ಅವನ ಶಿಷ್ಯನಾದ ಆಂಟಿಪಾಟರನ ಪಕ್ಷವು, ಮನುಷ್ಯರು ಮನುಷ್ಯರ ಹಿತಕ್ಕಾಗಿ ಹುಟ್ಟಿದವರಾದ್ದರಿಂದ ಕೊಳ್ಳುವವನು ಅರಿಯದಿರುವುದನ್ನು ಮಾರುವವನು ಹೇಳಲೇಬೇಕು ಎಂದು. ಸಿಸಿರೋ ಕೊನೆಗೆ ಶಿಷ್ಯನ ಕಡೆಗೇ ತೀರ್ಪಿತ್ತನು.

ಈ ದೇಶದ ಕಾನೂನು ಗುರುವಿನ ಪಕ್ಷಕ್ಕೆ ಹೆಚ್ಚು ಸಮೀಪವಾಗಿದೆ. 1872ರ ಕರಾರು ಕಾಯಿದೆಯ 17ನೆಯ ಪ್ರಕರಣದ ಪ್ರಕಾರ ಬರಿಯ ಮೌನವು ಮೋಸವೆನಿಸುವುದಿಲ್ಲ. ಇಬ್ಬರು ವರ್ತಕರ ಪೈಕಿ ಒಬ್ಬನಿಗೆ ಧಾರಣೆಯ ಬದಲಾವಣೆಯು ಗುಟ್ಟಾಗಿ ತಿಳಿದಿದ್ದರೂ ಇನ್ನೊಬ್ಬನಿಗೆ ಅದನ್ನು ಹೇಳುವ ಬಾಧ್ಯತೆಯಿಲ್ಲವೆಂದು ಅಲ್ಲಿಯ ಒಂದು ಉದಾಹರಣೆಯು ಸಾರುತ್ತದೆ. ಆದರೆ ಆ ಉದಾಹರಣೆಯಲ್ಲಿ ಇಬ್ಬರೂ ವರ್ತಕರು. ಧಾರಣೆಯನ್ನು ವಿಚಾರಿಸುವುದೇ ಇಬ್ಬರ ಕಸುಬು. ಕೊಟ್ಟಿಗೆಯ ಯಜಮಾನನು ಹಳೆಯ ಬಂಡಿಗಳ ವರ್ತಕನಲ್ಲ. ಅದೇ ಪ್ರಕರಣದ ಇನ್ನೊಂದು ಉದಾಹರಣೆಯಲ್ಲಿ ಕುದುರೆಯನ್ನು ಕೊಳ್ಳುವವನು, ನೀನು ಅಲ್ಲವೆನ್ನದಿದ್ದರೆ ಕುದುರೆಯು ನಿರ್ದೋಷವಾದುದೆಂದೇ ಭಾವಿಸುತ್ತೇನೆ ಎನ್ನುತ್ತಾನೆ. ಆಗ ಮಾರುವವನ ಮೌನವು ಮಾತಿಗೆ ಸಮವೆಂದು ಕಾನೂನೇ ಹೇಳುತ್ತದೆ. ಯಜಮಾನನು ಹಣವನ್ನು ಮುಟ್ಟುವ ಮುನ್ನ, "ಇದಕ್ಕೆ ಇನ್ನೇನು ಬೆಲೆ ಇದ್ದೀತು ಸ್ವಾಮಿ?" ಎಂದು ಪ್ರಿಯನ ಮುಖವನ್ನು ನೋಡಿದನೆಂದು ಇಟ್ಟುಕೊಳ್ಳಬಹುದು. ಅಲ್ಲಿಂದಾಚೆಗೆ ಮೌನವೂ ಒಂದು ಉತ್ತರವೇ, ಅದೂ ಸುಳ್ಳಾದ ಉತ್ತರ.

ಪ್ರಿಯನ ಪರವಾಗಿಯೂ ಬಲವಾದ ಮಾತುಗಳುಂಟು. ಅವನ ಅರಿವು ಬಿಟ್ಟಿಯಾಗಿ ಬಂದುದಲ್ಲ. ವರ್ಷಗಟ್ಟಲೆ ಅಲೆದು, ಬಿಚ್ಚಿ ಜೋಡಿಸಿ, ಕೈಸುಟ್ಟುಕೊಂಡು ಕಲಿತುದು. ಬಂಡಿಯನ್ನು ನಡೆಯುವಂತೆ ಮಾಡಲು ಇನ್ನೂ ಹಣ ಸುರಿಯಬೇಕು. ಸಿಕ್ಕದ ಭಾಗಗಳನ್ನು ಹುಡುಕಬೇಕು. ಹಳೆಯ ಮೇಸ್ತ್ರಿಯ ಕೈಗೆ ಕೆಲಸ ಕೊಡಬೇಕು. ಅವನು ಬಾರದಿದ್ದರೆ ಆ ಬಂಡಿಯು ಗುಜರಿಯ ಪಾಲಾಗುತ್ತಿತ್ತು. ಈ ಮಾತುಗಳೆಲ್ಲ ಸತ್ಯವೇ. ಆದರೆ ಇವು ಸಾಧಿಸುವುದೇನು? ಪ್ರಿಯನು ತನ್ನ ಶ್ರಮಕ್ಕೆ ಪ್ರತಿಫಲ ಪಡೆಯಬಹುದೆಂಬುದನ್ನು ಮಾತ್ರ. ರೋಗವನ್ನು ಬಲ್ಲ ವೈದ್ಯನು ಚಿಕಿತ್ಸೆಗೆ ಹಣ ಪಡೆಯುವುದು ನ್ಯಾಯ. ರೋಗಿಗೆ ತಿಳಿಯದೆಂಬ ಕಾರಣದಿಂದಲೇ ಹೆಚ್ಚು ಪಡೆಯುವುದು ನ್ಯಾಯವಲ್ಲ. ತನ್ನ ವಿದ್ಯೆಯಿಂದ ಗಳಿಸುವುದಕ್ಕೂ ಎದುರಿನವನ ಅವಿದ್ಯೆಯಿಂದ ಗಳಿಸುವುದಕ್ಕೂ ನಡುವೆ ಇರುವ ಗೆರೆಯು ತೆಳ್ಳಗಿದ್ದರೂ ಅಳಿಸಿಹೋಗುವಂಥದಲ್ಲ.

ಇದಕ್ಕೊಂದು ಸುಲಭವಾದ ಒರೆಗಲ್ಲುಂಟು. ಪ್ರಿಯನು ಆ ಬಂಡಿಯನ್ನು ಸಿದ್ಧಗೊಳಿಸಿ, ಹೊಳೆಯುವಂತೆ ಮಾಡಿ, ಒಂದು ದಿನ ಅದರ ಮೇಲೆಯೇ ಅದೇ ಹಳ್ಳಿಯ ಅದೇ ಬೀದಿಗೆ ಬರಬಲ್ಲನೇ? ಯಜಮಾನನ ಜಗುಲಿಯ ಮುಂದೆ ನಿಲ್ಲಿಸಿ, ಇಳಿದು, ನೀರು ಕೇಳಿ ಕುಡಿಯಬಲ್ಲನೇ? ಆ ಸದ್ದನ್ನು ಕೇಳಿ ಒಳಗಿನಿಂದ ಮುದುಕಿಯೊಬ್ಬಳು ಹೊರಗೆ ಬಂದಾಗ ಅವಳ ಮುಖವನ್ನು ನೋಡಬಲ್ಲನೇ? ಬರಬಲ್ಲನಾದರೆ ಆ ವ್ಯಾಪಾರವು ಧರ್ಮದ್ದು. ಸುತ್ತುದಾರಿಯಿಂದ ಹಿರಿಯೂರಿನ ಹೆದ್ದಾರಿಯನ್ನು ಸೇರಬೇಕೆಂದು ಅವನ ಮನಸ್ಸು ಹೇಳಿದರೆ, ತೀರ್ಪನ್ನು ಮನಸ್ಸೇ ಕೊಟ್ಟಂತಾಯಿತು.

ಹೇಳಿಬಿಟ್ಟರೆ ನಷ್ಟವಾಗಬಹುದೆಂಬುದನ್ನು ಮುಚ್ಚಿಡತಕ್ಕದ್ದಲ್ಲ. ಯಜಮಾನನು ಆಸೆಗೆ ಬಿದ್ದು ಇಲ್ಲದ ಬೆಲೆಯನ್ನು ಕೇಳಬಹುದು, ಕೊಡುವುದೇ ಇಲ್ಲವೆನ್ನಬಹುದು, ನಾಳೆ ಬರುವ ಇನ್ನೊಬ್ಬನು ಏನನ್ನೂ ಹೇಳದೆ ಕೊಂಡುಹೋಗಬಹುದು. ಸತ್ಯವಂತನು ಬರಿಗೈಯಲ್ಲಿ ಹಿಂದಿರುಗುವ ಸಂಭವವು ನಿಜವಾಗಿಯೂ ಇದೆ. ಆದರೆ ಪ್ರಿಯನೆಂಬ ಹೆಸರಿನ ಪರೀಕ್ಷೆಯು ಇಲ್ಲಿಯೇ ನಡೆಯುತ್ತದೆ. ಅವನಿಗೆ ಇದ್ದುದು ಯಂತ್ರದ ಮೇಲಣ ಪ್ರೀತಿಯಾದರೆ, ಅದು ಯಾರ ಕೈಯಲ್ಲಿ ಮರಳಿ ಓಡಿದರೂ ಅವನಿಗೆ ಸಂತೋಷವಾಗಬೇಕು. ತನ್ನ ಕೈಗೆ ಅಗ್ಗವಾಗಿ ಸಿಕ್ಕಲಿಲ್ಲವೆಂಬುದೇ ಅವನ ದುಃಖವಾದರೆ, ಅವನು ಸಾಧಾರಣ ವ್ಯಾಪಾರಿ. ವ್ಯಾಪಾರವು ಪಾಪವಲ್ಲ; ಅದಕ್ಕೆ ಪ್ರೀತಿಯ ಹೆಸರಿಡುವುದು ಮಾತ್ರ ಸಲ್ಲದು.

ಮಾರುವವನಿಗೂ ಇದೇ ನ್ಯಾಯ ಸಲ್ಲತಕ್ಕದ್ದು. ಬೆಲೆಯು ಏರಿದೆಯೆಂದು ತಿಳಿದ ಮೇಲೆ ಬಿರುಕುಬಿಟ್ಟ ಎಂಜಿನ್ನಿಗೆ ಬಣ್ಣ ಬಳಿಯುವವರೂ, ಹತ್ತು ಬಂಡಿಗಳ ಭಾಗಗಳನ್ನು ಕೂಡಿಸಿ ಮೂಲದ್ದೆಂದು ಹೇಳುವವರೂ ಹುಟ್ಟಿಕೊಳ್ಳುತ್ತಾರೆ. ಅರಿವು ಯಾವ ಕಡೆಗಿದೆಯೋ ಹೊಣೆಯೂ ಆ ಕಡೆಗೇ ಇರುತ್ತದೆ.

ಇನ್ನೊಂದು ಸಂದೇಹವು ಉಳಿಯುತ್ತದೆ. ಬೆಲೆಯು ಏರಿದಂತೆಲ್ಲ ಇಂಥ ಯಂತ್ರಗಳು ರಸ್ತೆಯನ್ನು ಬಿಟ್ಟು ಗಾಜಿನ ಕೋಣೆಯನ್ನು ಸೇರುತ್ತವಲ್ಲವೆ? 2021ರಲ್ಲಿ ಕೇಂದ್ರ ಸರ್ಕಾರವು ಮಾಡಿದ ನಿಯಮಗಳ ಮೇರೆಗೆ, ಐವತ್ತು ವರ್ಷ ಮೀರಿ ಮೂಲರೂಪದಲ್ಲಿ ಉಳಿದ ವಾಹನವನ್ನು ಪುರಾತನ ವಾಹನವೆಂದು ನೋಂದಾಯಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ಮೇಲೆ ಅದನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನಕ್ಕೆ, ಮೆರವಣಿಗೆಗೆ, ದುರಸ್ತಿಗೆ ಒಯ್ಯಬಹುದು. ಸಂತೆಗೆ ಕಾಯಿ ಹೊತ್ತ ಬಂಡಿಗೆ ಮರ್ಯಾದೆ ದೊರೆಯಿತು, ಸಂತೆಯ ದಾರಿ ತಪ್ಪಿತು.

ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳಿವೆ. ಅವು ಇಂದು ಏನನ್ನೂ ಬೀಸುವುದಿಲ್ಲ. ಅವುಗಳಿಗೆ ಬೆಲೆಯನ್ನೂ ಯಾರೂ ಕಟ್ಟುವುದಿಲ್ಲ, ಏಕೆಂದರೆ ಅವು ಮಾರಾಟಕ್ಕಿಲ್ಲ. ಆದರೂ ಅವುಗಳ ಮುಂದೆ ನಿಂತವನು ಹಿಂದಿನವರ ತೋಳಿನ ಶ್ರಮವನ್ನು ನೆನೆಯುತ್ತಾನೆ. ಅಲ್ಲಿಯೇ ಓಬವ್ವನ ಕಿಂಡಿಯೂ ಇದೆ. ಅವಳು ಹಿಡಿದ ಒನಕೆಯು ಅಂದಿನ ಬೆಳಿಗ್ಗೆಯವರೆಗೆ ಎಲ್ಲ ಮನೆಗಳ ಒನಕೆಯಂಥದೇ ಆಗಿತ್ತು. ದಿನವೂ ಕುಟ್ಟಿ ಪಳಗಿದ ಕೈಗೆ ಅದು ಆಯುಧವಾಯಿತು. ಬಳಸಿದ ಕೈಗಳ ನೆನಪು ವಸ್ತುವಿನಲ್ಲಿ ನಿಲ್ಲುವುದರಿಂದಲೇ ಹಳೆಯ ವಸ್ತುವು ದೊಡ್ಡದಾಗುತ್ತದೆ. ಜಾವಾದ ಹಿಡಿಯು ನುಣುಪಾಗಿರುವುದು ಕೊಟ್ಟಿಗೆಯ ಯಜಮಾನನ ತಂದೆಯ ಅಂಗೈಯಿಂದ. ಪ್ರಿಯನು ಮೂಲದ್ದೆಂದು ಮೆಚ್ಚಿ ಕೊಳ್ಳುವುದರಲ್ಲಿ ಆ ಅಂಗೈಯ ಪಾಲೂ ಇದೆ. ಆ ಪಾಲನ್ನು ಲೆಕ್ಕಕ್ಕೆ ತಾರದೆ ಕೊಂಡೊಯ್ಯುವುದು ಹೇಗೆ ನ್ಯಾಯವಾದೀತು?

ಆದುದರಿಂದ ಅರಿತವನು ಮಾಡಬೇಕಾದುದು ಇಷ್ಟೇ. ಈ ವಸ್ತುವನ್ನು ಅರಸುವವರಿದ್ದಾರೆಂದು ಹೇಳುವುದು. ತನ್ನ ಅಂದಾಜನ್ನೂ ತನಗೆ ತಗಲುವ ವೆಚ್ಚವನ್ನೂ ಬಿಚ್ಚಿಡುವುದು. ನಾಲ್ಕು ಜನರನ್ನು ವಿಚಾರಿಸಲು ಎದುರಿನವನಿಗೆ ನಾಲ್ಕು ದಿನ ಬಿಡುವುದು. ಅಷ್ಟಾದ ಮೇಲೆ ಇಬ್ಬರೂ ಒಪ್ಪಿದ ಬೆಲೆಯು ಹೆಚ್ಚಾದರೂ ಸರಿ, ಕಡಿಮೆಯಾದರೂ ಸರಿ. ಅಪ್ಪನ ಬಂಡಿ ಮತ್ತೆ ಓಡಿದರೆ ಸಾಕೆಂದು ಯಜಮಾನನು ಗುಜರಿಯ ಬೆಲೆಗೇ ಕೊಟ್ಟುಬಿಟ್ಟರೂ ಅದರಲ್ಲಿ ದೋಷವಿಲ್ಲ. ಆಗ ಅದು ತಿಳಿದು ಕೊಟ್ಟ ಕೊಡುಗೆ. ಅಂಥ ಬಂಡಿಯನ್ನೇರಿದವನು ಆ ಬೀದಿಗೆ ಯಾವ ದಿನವಾದರೂ ಬರಬಹುದು.