ಎರಡನೆಯ ಪುಟ

ನನ್ನ ತರಗತಿಯ ಅತ್ಯಂತ ಜಾಣ ಹುಡುಗಿ ಈ ಸಲ ಪ್ರಬಂಧವನ್ನೇ ಒಪ್ಪಿಸಲಿಲ್ಲ. ಕರೆದು ಕೇಳಿದರೆ, “ಇನ್ನೂ ಸರಿಯಾಗಿಲ್ಲ ಸಾರ್” ಎಂದಳು. ಒತ್ತಾಯಿಸಿದ ಮೇಲೆ ಚೀಲದಿಂದ ಹೊರಬಂದದ್ದು ಮೊದಲ ಪುಟದ ಏಳು ಪ್ರತಿಗಳು. ಎರಡನೆಯ ಪುಟ ಇರಲೇ ಇಲ್ಲ.

ಇದು ಸೋಮಾರಿತನವಲ್ಲ, ವಿನಯವೆಂದೂ ಹೇಳಲಾರೆ. ತಪ್ಪು ಮಾಡಬಾರದೆಂಬುದು ಕೆಲಸದ ಮೇಲಿನ ಪ್ರೀತಿ. ತಪ್ಪು ಮಾಡಿದವಳೆಂದು ಯಾರ ಕಣ್ಣಿಗೂ ಬೀಳಬಾರದೆಂಬುದು ಹೆಸರಿನ ಮೇಲಿನ ಭಯ. ಎರಡೂ ಒಂದೇ ವೇಷದಲ್ಲಿ ಬರುವುದರಿಂದ ಅಧ್ಯಾಪಕರಾದ ನಾವು ಮೋಸಹೋಗುತ್ತೇವೆ.

ಕೆಲವೇ ಆದರೂ ಮಾಗಿದ್ದಿರಲಿ ಎಂಬುದು ಜರ್ಮನಿಯ ಗಣಿತಜ್ಞ ಗೌಸ್‌ನ ಧ್ಯೇಯವಾಕ್ಯ. ಯೂಕ್ಲಿಡನ ಹಾದಿ ಬಿಟ್ಟ ರೇಖಾಗಣಿತ ಅವನಿಗೆ ಹೊಳೆದಿತ್ತು. ಜನರ ಗದ್ದಲಕ್ಕೆ ಅಂಜಿ ಪ್ರಕಟಿಸಲಿಲ್ಲ. 1832ರಲ್ಲಿ ಹಂಗೇರಿಯ ತರುಣ ಯಾನೋಶ್ ಬೋಯಾಯ್ ಅದನ್ನೇ ಪ್ರಕಟಿಸಿದಾಗ, ಇದನ್ನು ಹೊಗಳಿದರೆ ನನ್ನನ್ನೇ ಹೊಗಳಿಕೊಂಡಂತೆ ಎಂದು ಅವನ ತಂದೆಗೆ ಬರೆದ. ತರುಣ ನೊಂದ, ಮುಂದೆ ಗಣಿತದಲ್ಲಿ ಏನನ್ನೂ ಪ್ರಕಟಿಸಲಿಲ್ಲ. ಬಚ್ಚಿಟ್ಟವನೊಬ್ಬ, ಬೆಲೆ ತೆತ್ತವನು ಇನ್ನೊಬ್ಬ.

ಆದರೆ ಹುಡುಗಿಯನ್ನು ದೂರುವ ಮುನ್ನ ನನ್ನ ಕೈಯನ್ನೇ ನೋಡಿಕೊಳ್ಳಬೇಕು. ಹಿಂದೊಮ್ಮೆ ಅವಳ ಪ್ರಬಂಧದ ಮೇಲೆ ‘ಒಂದು ತಪ್ಪೂ ಇಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು, ತರಗತಿಗೆಲ್ಲ ತೋರಿಸಿದವನು ನಾನೇ. ಅದರಲ್ಲಿದ್ದ ವಿಚಾರವನ್ನು ಹೊಗಳಲಿಲ್ಲ, ತಪ್ಪಿಲ್ಲದಿರುವುದನ್ನು ಹೊಗಳಿದೆ. ಬಿರುದೆಂದು ಕೊಟ್ಟದ್ದು ಸಂಕೋಲೆಯಾಯಿತು.

ಮೊನ್ನೆ ಈ ಬರಹದ ಕರಡನ್ನೇ, ಹೊಡೆದುಹಾಕಿದ ಸಾಲುಗಳ ಸಮೇತ, ಅವಳ ಮುಂದಿಟ್ಟೆ. ಬಹಳ ಹೊತ್ತು ನೋಡಿ, “ಇಲ್ಲೊಂದು ಕಾಗುಣಿತ ತಪ್ಪಿದೆ ಸಾರ್” ಎಂದಳು. ನಕ್ಕಳು ಕೂಡ. ಎರಡನೆಯ ಪುಟವನ್ನು ತಿದ್ದದೆ ತಾ ಎಂದಿದ್ದೇನೆ. ತಂದರೆ, ಕೆಂಪು ಶಾಯಿಯನ್ನು ಪಕ್ಕಕ್ಕಿಟ್ಟು ಮೊದಲು ಓದುತ್ತೇನೆ.