ಗುರಿಯೆಂಬ ಮಾತು

ತಪ್ಪದೆ ಗುಣವನ್ನುಂಟುಮಾಡುವ ಔಷಧವನ್ನು ಕನ್ನಡಿಗರು ರಾಮಬಾಣವೆನ್ನುವರು. ರೋಗಾಣುವನ್ನು ಮಾತ್ರ ಹೊಡೆದು ರೋಗಿಯ ದೇಹವನ್ನು ಮುಟ್ಟದ ಮದ್ದೊಂದು ದೊರೆಯಬಹುದೆಂದು ನಂಬಿದ್ದ ಜರ್ಮನಿಯ ಪಂಡಿತ ಪಾಲ್ ಏರ್ಲಿಖನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅದನ್ನು ಮಾಯಾಗುಂಡೆಂದು ಕರೆದನು. ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಈಗ ಆ ಆಸೆಯನ್ನು ಹೊತ್ತಿರುವವುಗಳಲ್ಲಿ ಪ್ರೋಟೀನಿನ ಅತಿಸೂಕ್ಷ್ಮ ಕಣಗಳೂ ಸೇರಿವೆ. ಇವುಗಳನ್ನು ಗುರಿಯಿಟ್ಟ ಔಷಧಗಳೆನ್ನುವುದುಂಟು. ಆ ಹೆಸರನ್ನು ರೋಗಿಯ ಮುಂದೆ ಉಚ್ಚರಿಸುವುದು ಎಷ್ಟರಮಟ್ಟಿಗೆ ಸತ್ಯ?

ಅಮೆರಿಕದ ಪಶ್ಚಿಮ ತೀರದ ಯೂ ಮರದ ತೊಗಟೆಯಿಂದ ದೊರೆತ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಮದ್ದು ನೀರಿನಲ್ಲಿ ಕರಗದು. ಆದುದರಿಂದ ಹರಳೆಣ್ಣೆಯಿಂದ ಸಿದ್ಧಪಡಿಸಿದ ದ್ರಾವಕದಲ್ಲಿ ಅದನ್ನು ಬೆರೆಸಬೇಕಾಯಿತು. ಆ ದ್ರಾವಕವೇ ಕೆಲವರಿಗೆ ಪ್ರಾಣಾಂತಿಕವಾಗುತ್ತಿತ್ತು. ಆಲ್ಬುಮಿನ್ ಎಂಬುದು ನಮ್ಮ ರಕ್ತದಲ್ಲಿ ಹುಟ್ಟಿನಿಂದಲೇ ಹೊರೆ ಹೊರುವ ಪ್ರೋಟೀನು. ಮನುಷ್ಯರ ರಕ್ತದಿಂದ ಪಡೆದ ಆಲ್ಬುಮಿನ್ನಿನೊಡನೆ ಮದ್ದನ್ನು ಬೆಸೆದು, ಸುಮಾರು 130 ನ್ಯಾನೊಮೀಟರ್ ಗಾತ್ರದ, ಎಂದರೆ ಕೂದಲಿನ ದಪ್ಪದ ನೂರರಲ್ಲೊಂದು ಪಾಲಿಗಿಂತಲೂ ಬಹಳ ಕಿರಿದಾದ ಕಣಗಳನ್ನು ಮಾಡಿದರು. 2005ರಲ್ಲಿ ಅಮೆರಿಕದ ಸರಕಾರವು ಇದನ್ನು ಸ್ತನದ ಕ್ಯಾನ್ಸರಿಗೆ ಒಪ್ಪಿತು. ದ್ರಾವಕದ ಕಂಟಕವು ತಪ್ಪಿತು. ಹೊಗಳುವುದಕ್ಕೆ ಇಷ್ಟೇ ಸಾಕಾಗಿದ್ದಿತು.

ಆದರೆ ಗುರಿಯ ಮಾತು ಬೇರೆ. ಗಡ್ಡೆಯ ರಕ್ತನಾಳಗಳು ಸೋರುವುದರಿಂದ ದೊಡ್ಡ ಕಣಗಳು ಅಲ್ಲಿ ನಿಲ್ಲುವುವೆಂದು ಜಪಾನಿನ ಮತ್ಸುಮುರ, ಮಯೇದ ಎಂಬವರು 1986ರಲ್ಲಿ ತೋರಿಸಿದರು. ಅದರ ಮೇಲೆ ದೊಡ್ಡ ಭರವಸೆ ಬೆಳೆಯಿತು. ನಾನಾ ವಿಧದ ಸೂಕ್ಷ್ಮಕಣಗಳನ್ನು ಪ್ರಾಣಿಗಳಿಗೆ ಕೊಟ್ಟ ಹತ್ತು ವರ್ಷಗಳ ಪ್ರಯೋಗಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಗಡ್ಡೆಯನ್ನು ಸೇರಿದ ಪಾಲಿನ ಮಧ್ಯಾಂಕವು ನೂರಕ್ಕೆ 0.7 ಮಾತ್ರ!

ಹಾಗೆಂದು ಮದ್ದು ವ್ಯರ್ಥವೆನ್ನಲಾಗದು. ಹಬ್ಬಿಹೋದ ಮೇದೋಜೀರಕದ ಕ್ಯಾನ್ಸರಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜೆಮ್‌ಸಿಟಬೀನ್ ಒಂದನ್ನೇ ಪಡೆದವರ ಆಯುಸ್ಸಿನ ಮಧ್ಯಾಂಕವು 6.7 ತಿಂಗಳು, ಅದರೊಡನೆ ಆಲ್ಬುಮಿನ್ ಕಣಗಳನ್ನೂ ಪಡೆದವರದು 8.5. ಕೈಕಾಲುಗಳ ನರಗಳ ತೀವ್ರ ಬಾಧೆಯಾದರೋ ಮೊದಲಿನವರಲ್ಲಿ ನೂರಕ್ಕೆ 1, ಎರಡನೆಯವರಲ್ಲಿ 17. ಬಾಣವು ಬೆರಳುಗಳಿಗೂ ತಾಗಿತು.

ಭರವಸೆಯೂ ಒಂದು ಔಷಧವೇ, ಲೆಕ್ಕ ಹೇಳಿ ಅದನ್ನು ಕಸಿಯಬಾರದೆಂದು ಕೆಲವರು ವಾದಿಸುವರು. ಈ ವಾದದಲ್ಲಿ ಕರುಣೆಯಿದೆ, ರೋಗಿಯ ಮೇಲೆ ಗೌರವವಿಲ್ಲ. ಮಗಳ ಮದುವೆಯನ್ನು ಕಾಣಬಯಸುವವನು ಎರಡು ತಿಂಗಳಿಗಾಗಿ ಮರಗಟ್ಟಿದ ಪಾದಗಳನ್ನು ಸಂತೋಷದಿಂದ ಒಪ್ಪಬಹುದು. ಕಡೆಯವರೆಗೂ ವೀಣೆಯನ್ನು ಬಿಡಲಾರದವಳು ಒಲ್ಲೆನೆನ್ನಬಹುದು. ಗುರಿಯೆಂಬ ಮಾತು ಇವರಿಬ್ಬರು ತೂಗುವ ಮುನ್ನವೇ ತಕ್ಕಡಿಯ ಒಂದು ತಟ್ಟೆಯನ್ನು ಒತ್ತಿಬಿಡುತ್ತದೆ. ಮದ್ದು ಗಡ್ಡೆಯನ್ನಲ್ಲದೆ ಇನ್ನೆಲ್ಲಿಗೆ ಹೋಗುವುದೆಂದು ಹೇಳುವುದಕ್ಕೆ ವೈದ್ಯನಿಗೆ ಬೇಕಾಗುವುದು ಎರಡು ನಿಮಿಷ.